ನನ್ನ ರಕ್ತನಾಳಗಳ ಕುರಿತು ಗಂಡಸರ ಅಭಿಪ್ರಾಯಗಳು

ನಮ್ಮ ಕುಟುಂಬದಲ್ಲಿ ಹೃದಯ ಅಂತ ಒಂದು ಇದೆಯೆಂದು ಮೊದಲು ತೋರಿಸಿಕೊಟ್ಟವರು ನನ್ನ ಭಾವ. ಗಂಡನ ಅಣ್ಣ. ಅಂಕೋಲೆಯಲ್ಲಿ ಗೇರುಬೀಜದ ವ್ಯಾಪಾರ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಹೊಟ್ಟೆ. ಒಂದು ಮೇ ತಿಂಗಳ ಮದುವೆಯೂಟದಲ್ಲಿ, ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಹೊತ್ತಿಗೆ ಅವರು ಎದೆಯ ಎಡಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು. ಸಿನಿಮಾದಲ್ಲಿ ತೋರಿಸುವುದೂ, ಪಾಠಪುಸ್ತಕದಲ್ಲಿ ಬರೆದದ್ದೂ ಹಾಗೆಯೇ. ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಪಂಕ್ತಿಯಲ್ಲಿದ್ದ ಗಂಡಸರೆಲ್ಲ ಎಂಜಲು ಕೈಯಲ್ಲೇ ಎದ್ದರು. ಹತ್ತು ಜನ ಎತ್ತಿದರು, ನಾಲ್ಕು ಜನ ದಾರಿ ಬಿಡಿಸಿದರು, ಒಬ್ಬ ಮದುಮಗನ ಹೂವಿನ ಕಾರನ್ನೇ ತಂದು ನಿಲ್ಲಿಸಿದ. ಮೊದಲು ಕಾರವಾರ, ಅಲ್ಲಿಂದ ಗೋವಾ. ಸಂಜೆಯೊಳಗೆ ನಾಳದಲ್ಲಿ ಸ್ಟೆಂಟ್ ಕೂತಿತ್ತು.

ಬದುಕಿದರು, ಒಳ್ಳೆಯದೇ ಆಯಿತು. ಆದರೆ ಬದುಕಿ ಬಂದ ಮೇಲೆ ಅವರು ಮಾಡಿದ್ದನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ. ನೋಡಲು ಬಂದವರಿಗೆಲ್ಲ ಟೀವಿಯಲ್ಲಿ ತಮ್ಮ ಆಂಜಿಯೋಗ್ರಾಂ ಹಾಕಿ ತೋರಿಸುತ್ತಿದ್ದರು. ಕಪ್ಪು ಬಿಳುಪಿನಲ್ಲಿ ಒಂದು ನಾಳ ಮಿಡಿಯುತ್ತಿರುತ್ತದೆ, ಅದರ ನಡುವೆ ಒಂದು ಕಡೆ ಕತ್ತು ಹಿಸುಕಿದ ಹಾಗೆ ಸಣ್ಣದಾಗಿರುತ್ತದೆ. ಅಲ್ಲಿಗೆ ಬಂದಾಗ ಭಾವ ರಿಮೋಟು ಒತ್ತಿ ನಿಲ್ಲಿಸಿ, “ನೋಡಿ, ತೊಂಬತ್ತು ಪರ್ಸೆಂಟು” ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಕೂಡ ಅವರಿಗೆ ಅಷ್ಟು ಬಂದಿರಲಿಲ್ಲ. ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ಡಬ್ಬಿ ಬಂತು. ಎದೆನೋವು ಬಂದರೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೇಟ್ ಗುಳಿಗೆಗಳು. ಅದನ್ನು ಅವರು ಪೊಲೀಸರು ಪಿಸ್ತೂಲು ಮುಟ್ಟಿ ನೋಡಿಕೊಳ್ಳುವ ಹಾಗೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆ ಮದುವೆಯ ಮರುವರ್ಷ ನನಗೆ ಐವತ್ತೆರಡು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೇಲಿನ ಮಹಡಿಯ ಒಂಬತ್ತನೆಯ ತರಗತಿಗೆ ಹತ್ತಿ ಹೋಗುವುದು ಕಷ್ಟವಾಗತೊಡಗಿತು. ಎದೆಯ ಎಡಭಾಗ ಸುಮ್ಮನಿತ್ತು. ಬೆನ್ನಿನಲ್ಲಿ, ಎರಡು ಹೆಗಲುಗಳ ನಡುವೆ, ಯಾರೋ ಅಂಗೈ ಒತ್ತಿ ಹಿಡಿದ ಹಾಗೆ. ಅದು ನಿಧಾನವಾಗಿ ಕುತ್ತಿಗೆ ಹತ್ತಿ ಕೆಳದವಡೆಗೆ ಬರುತ್ತಿತ್ತು. ಹತ್ತು ನಿಮಿಷ ಕೂತರೆ ಇಳಿಯುತ್ತಿತ್ತು. ಕೆಲವು ದಿನ ಕೂತಲ್ಲೇ ಬರುತ್ತಿತ್ತು. ಸುಸ್ತು ಮಾತ್ರ ಇಳಿಯುತ್ತಿರಲಿಲ್ಲ. ಹಾಜರಿ ಪುಸ್ತಕ ಎತ್ತುವುದೂ ಒಂದು ಕೆಲಸವಾಯಿತು.

ಗಂಡನಿಗೆ ಹೇಳಿದೆ. ಮನೆಯಲ್ಲಿ ನಮ್ಮದು ಕೊಂಕಣಿ. ಅವರ ಉತ್ತರವನ್ನು ಕನ್ನಡಕ್ಕೆ ತರುವುದು ಕಷ್ಟವೇನಲ್ಲ, ಒಂದೇ ಶಬ್ದ.

“ಗ್ಯಾಸ್.”

“ದವಡೆಯಲ್ಲಿ ಗ್ಯಾಸ್ ಎಲ್ಲಿಂದ ಬರುತ್ತದೆ?”

“ಗ್ಯಾಸ್ ಎಲ್ಲಿ ಬೇಕಾದರೂ ಹೋಗುತ್ತದೆ. ಅದಕ್ಕೇನು ದಾರಿ ಬೇಕಾ?” ಎಂದು ಪೇಪರು ತಿರುಗಿಸಿದರು. ಈ ಮನುಷ್ಯ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ನೋಡಿದವರು. ಶರೀರವನ್ನೂ ಫೈಲಿನಂತೆಯೇ ನೋಡುತ್ತಾರೆ. ಮೇಲೊಂದು ಷರಾ ಬರೆದು ಕಳಿಸಿದರೆ ಮುಗಿಯಿತು.

ಎರಡು ತಿಂಗಳು ನಾನು ಜೀರಿಗೆ ನೀರು ಕುಡಿದೆ. ಓಂ ಕಾಳು ಜಗಿದೆ. ಬಟಾಟೆ, ಕಡಲೆಬೇಳೆ ಬಿಟ್ಟೆ. ನೋವು ನನ್ನನ್ನು ಬಿಡಲಿಲ್ಲ. ಕೊನೆಗೆ ಕಾರವಾರದಲ್ಲಿ ಒಬ್ಬ ಹೃದಯದ ಡಾಕ್ಟರ ಬಳಿಗೆ ಹೋದೆವು.

ಆ ಡಾಕ್ಟರಿಗೆ ಒಂದು ವಿಶೇಷ ಶಕ್ತಿಯಿತ್ತು. ರೋಗಿಯ ಪಕ್ಕದಲ್ಲಿ ಗಂಡಸು ಕೂತಿದ್ದರೆ ರೋಗಿ ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನನ್ನ ಬೆನ್ನುನೋವನ್ನು ನನ್ನ ಗಂಡನನ್ನು ಕೇಳಿದರು. ನನ್ನ ನಿದ್ದೆಯನ್ನು ನನ್ನ ಗಂಡನನ್ನು ಕೇಳಿದರು. “ಇವರದ್ದು ಮುಟ್ಟು ನಿಂತಿದೆಯಾ?” ಎಂದು ಕೂಡ ಅವರನ್ನೇ ಕೇಳಿದರು. ಗಂಡ ಮೇಲೆ ಫ್ಯಾನು ನೋಡಿದರು. ಅಲ್ಲೇನಾದರೂ ಬರೆದಿದೆಯೋ ಎಂಬ ಹಾಗೆ.

“ನಿಂತಿದೆ. ಎರಡು ವರ್ಷ ಆಯಿತು” ಎಂದು ನಾನೇ ಹೇಳಿದೆ.

“ಹಾಂ, ಅದೇ” ಎಂದರು ಡಾಕ್ಟರು, ಗಂಡನಿಗೆ.

ನನ್ನನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ತೆಗೆದರು. ಕಾಗದದಲ್ಲಿ ಏನೋ ಬದಲಾವಣೆ ಕಂಡಿತು. ನಾನು ಅದನ್ನು ತೋರಿಸಿ ಕೇಳಿದೆ. “ಹೆಂಗಸರಲ್ಲಿ ಈ ಟೆಸ್ಟು ಹೀಗೇ ಸುಳ್ಳು ತೋರಿಸುತ್ತದೆ” ಎಂದರು. ಬಾಯಲ್ಲಿ ಹೇಳಿದರೆ ನಾವು ಸುಳ್ಳು, ಯಂತ್ರ ಹೇಳಿದರೆ ಅದೂ ಸುಳ್ಳು. ಕೊನೆಗೆ ನನ್ನ ಹಟಕ್ಕೆ ಗೋವಾಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿ ಕೈಯ ಮೂಲಕ ನಳಿಕೆ ಬಿಟ್ಟು ನನ್ನ ನಾಳಗಳ ಚಿತ್ರ ತೆಗೆದರು. ಎಲ್ಲೂ ಅಡೆತಡೆ ಇರಲಿಲ್ಲ. ಆ ವರದಿ ಹಿಡಿದು ಮತ್ತೆ ಕಾರವಾರಕ್ಕೆ ಬಂದಾಗ ಡಾಕ್ಟರು ನನ್ನ ಗಂಡನ ಕೈ ಕುಲುಕಿದರು.

“ಹೆದ್ದಾರಿ ಇದ್ದ ಹಾಗಿದೆ, ಫುಲ್ ಕ್ಲೀನ್. ಈ ವಯಸ್ಸಿನ ಹೆಂಗಸರಿಗೆ ಟೆನ್ಶನ್ ಜಾಸ್ತಿ. ಸ್ವಲ್ಪ ಸುತ್ತಾಡಿಸಿಕೊಂಡು ಬನ್ನಿ.”

ಮನಸ್ಸು ಶಾಂತವಾಗಲು ಒಂದು ಗುಳಿಗೆ ಬರೆದರು. ಅದನ್ನು ನುಂಗಿದರೆ ಎಂಟನೆಯ ತರಗತಿಯ ಮಕ್ಕಳ ನಡುವೆ ನಿಂತಲ್ಲೇ ತೂಕಡಿಕೆ ಬರುತ್ತಿತ್ತು. ದವಡೆ ಮಾತ್ರ ಎಚ್ಚರವಾಗಿಯೇ ಇತ್ತು.

ಮನೆಯಲ್ಲಿ ನನ್ನ ಸ್ಥಾನ ಇಳಿಯಿತು. ಬ್ಲಾಕ್ ಸಿಗದ ಹೃದ್ರೋಗಿ ಎಂದರೆ ಹೆಣ ಸಿಗದ ಕೊಲೆಯಂತೆ. ಯಾರೂ ಕೇಸು ಹಾಕಿಕೊಳ್ಳುವುದಿಲ್ಲ. ಭಾವ ಒಂದು ಭಾನುವಾರ ಬಂದು, ಸೋಫಾದಲ್ಲಿ ಕಾಲು ಮಡಚಿ ಕೂತು, ತಮ್ಮ ತೊಂಬತ್ತು ಪರ್ಸೆಂಟಿನ ಎತ್ತರದಿಂದ ನನಗೆ ಬುದ್ಧಿ ಹೇಳಿದರು. “ಹಾರ್ಟಿನ ನೋವು ಅಂದ್ರೆ ಎಂತದು ಅಂತ ನಂಗೆ ಗೊತ್ತು. ಅದು ಬಂದ್ರೆ ಮನುಷ್ಯ ಬಿದ್ದೇ ಹೋಗ್ತಾನೆ. ನೀನು ಬಿದ್ದಿಲ್ಲ.” ಬಿದ್ದಿರಲಿಲ್ಲ, ನಿಜ. ಅವರಿಗೆ ಚಹಾ ಮಾಡುತ್ತಿದ್ದೆ.

ಇಷ್ಟೆಲ್ಲ ಬೇರೆಯವರನ್ನು ಹೀಯಾಳಿಸಿ ಬರೆದ ಮೇಲೆ ನನ್ನದನ್ನೂ ಬರೆಯಬೇಕು. ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಮೀನು ತರುತ್ತಿದ್ದ ಹೆಂಗಸು ಒಬ್ಬಳಿದ್ದಳು. ಸಮುದ್ರದ ದಂಡೆಯ ಮನೆ. ಗಂಡ, ಮಗ ಇಬ್ಬರೂ ದೋಣಿಗೆ ಹೋಗುವವರು. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ತಲೆಯ ಮೇಲೆ ಬುಟ್ಟಿ ಹೊತ್ತು, ಬಸ್ಸಿಳಿದು, ನಮ್ಮ ಓಣಿಯ ಏರು ಹತ್ತಿ ಬಂದು, “ಅಕ್ಕೋರೇ, ಬಂಗ್ಡೆ!” ಎಂದು ಗೇಟಿನಲ್ಲೇ ಕೂಗುತ್ತಿದ್ದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ.

ನನಗೆ ನೋವು ಶುರುವಾದ ಅದೇ ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿದಾಗ, ಅವಳು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತು ಬಿಟ್ಟಳು. ಮೀನಿನ ದರ ಕೂಡ ಹೇಳಲಿಲ್ಲ.

“ಎಂತ ಆಯ್ತೇ?” ಎಂದೆ.

“ಎಂತದೋ ಅಕ್ಕೋರೆ. ಏರು ಹತ್ತೂಕೆ ಆಗೂದಿಲ್ಲ. ಹೊಟ್ಟಿ ಮೇಲೆ ಕಲ್ಲು ಇಟ್ಟಂಗೆ ಆಗ್ತದೆ. ಕೈ ಎಲ್ಲಾ ಸೋತು ಬರ್ತದೆ. ವಾಂತಿ ಬಂದಂಗೂ ಆಗ್ತದೆ.”

ನಾನು, ವಿಜ್ಞಾನದ ಅಕ್ಕೋರು, ಅವಳ ಬಾಯಲ್ಲಿದ್ದ ಎಲೆ ಅಡಿಕೆ ನೋಡಿದೆ. ಆಮೇಲೆ ಒಳಗೆ ಹೋಗಿ, ನನಗೆ ಉಪಯೋಗವಾಗದೆ ಉಳಿದಿದ್ದ, ಹೊಟ್ಟೆಯ ಆಮ್ಲ ಇಳಿಸುವ ಗುಳಿಗೆಯ ಪಟ್ಟಿ ತಂದು ಕೊಟ್ಟೆ.

“ಗ್ಯಾಸ್ ಇರಬೇಕು. ಊಟ ಆದ ಮೇಲೆ ಒಂದು ತಗೋ. ಹೊಗೆಸೊಪ್ಪು ಬಿಡು.”

ಅವಳು ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆ ಚಳಿಗಾಲದಲ್ಲಿ ಮೂರು ಸಲ ಹೀಗೆ ಕೊಟ್ಟೆ. ಕೊನೆಯ ಸಲ ಕೊಟ್ಟ ಮೇಲೆ ಅವಳು ಹದಿನೈದು ದಿನ ಬರಲೇ ಇಲ್ಲ. ಬಂದಾಗ ಇಳಿದು ಹೋಗಿದ್ದಳು. “ಒಂದಿನ ಭಾರೀ ಆಯ್ತು, ಮಲಗೇ ಇದ್ದೆ. ನಿಮ್ಮ ಗುಳಿಗಿ ತಕಂಡೆ, ಕಡಿಮಿ ಆಯ್ತು” ಎಂದಳು. ನನಗೆ ಸಂತೋಷವಾಯಿತು. ಹೌದು, ಸಂತೋಷವೇ ಆಯಿತು.

ಫೆಬ್ರವರಿಯಲ್ಲಿ ರಾಮನಗುಳಿಯಲ್ಲಿ ನಮ್ಮ ಸಂಬಂಧಿಕರ ಮನೆ ಒಕ್ಕಲು, ಅಂದರೆ ಗೃಹಪ್ರವೇಶ. ಗಂಡ, ಭಾವ, ನಾನು ಭಾವನ ಕಾರಿನಲ್ಲಿ ಹೋದೆವು. ಹೊಸ ಮನೆಯನ್ನು ನೆರೆ ಬರದ ಹಾಗೆ ಗಂಗಾವಳಿ ಹೊಳೆಯಿಂದ ಬಹಳ ಮೇಲೆ, ಗುಡ್ಡದ ಬದಿಯಲ್ಲಿ ಕಟ್ಟಿದ್ದರು. ರಸ್ತೆಯಿಂದ ಐವತ್ತು ಮೆಟ್ಟಿಲಾದರೂ ಇತ್ತು. ಭಾವನನ್ನು ಇಬ್ಬರು ಹುಡುಗರು ಆಚೆ ಈಚೆ ಹಿಡಿದು, ನಡುವೆ ಎರಡು ಕಡೆ ಕುರ್ಚಿ ಹಾಕಿ ಕೂರಿಸಿ, ಮೇಲೆ ಮುಟ್ಟಿಸಿದರು. ಉಡುಗೊರೆಗೆ ತಂದ ಹಿತ್ತಾಳೆಯ ಹಂಡೆ ನನ್ನ ಕೈಯಲ್ಲಿತ್ತು. ಗಂಡನ ಕೈಯಲ್ಲಿ ಕಾರಿನ ಕೀಲಿಕೈ.

ಕೊನೆಯ ಮೆಟ್ಟಿಲುಗಳಲ್ಲಿ ನೋವು ಬಂತು. ಹಿಂದೆಂದೂ ಅಷ್ಟು ಬಂದಿರಲಿಲ್ಲ. ಬೆನ್ನಿನ ಅಂಗೈ ಮುಷ್ಟಿಯಾಯಿತು, ದವಡೆಯ ಹಲ್ಲುಗಳೆಲ್ಲ ಒಟ್ಟಿಗೆ ಎಳೆದವು, ತಣ್ಣನೆಯ ಬೆವರು ಬಂತು. ಹಂಡೆಯನ್ನು ಹೊಸ್ತಿಲ ಬಳಿ ಇಟ್ಟು ಜಗಲಿಯ ನೆಲದ ಮೇಲೆ ಕೂತೆ. ಮೇಲೆ ಕುರ್ಚಿಯಲ್ಲಿ ಭಾವ ಪಾನಕ ಕುಡಿಯುತ್ತಿದ್ದರು.

“ಎಂತ ಆಯ್ತು?” ಎಂದು ಆ ಮನೆಯ ಜನ ಕೇಳಿದರು.

“ಅವಳದ್ದು ಯಾವಾಗಲೂ ಇದ್ದದ್ದೇ, ಗ್ಯಾಸು. ಒಂಚೂರು ಜೀರಿಗಿ ನೀರು ಕೊಡಿ” ಎಂದರು ಭಾವ.

ಆಮೇಲೆ ನಾನು ಮಾಡಿದ್ದನ್ನು ಯಾರೂ ಮಾಡಬೇಡಿ. ಇನ್ನೊಬ್ಬರ ಔಷಧಿ, ಅಳತೆ ಗೊತ್ತಿಲ್ಲ. ರಕ್ತದೊತ್ತಡ ಕುಸಿದು ಆ ಐವತ್ತು ಮೆಟ್ಟಿಲನ್ನು ಉರುಳಿಕೊಂಡು ಇಳಿಯಬಹುದಿತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ಭಾವನ ಅಂಗಿಯ ಜೇಬು ಒಂದೇ. ಮಂಡಿಯೂರಿ ಎದ್ದು, ಕೈ ಹಾಕಿ, ಡಬ್ಬಿ ತೆಗೆದು, ಒಂದು ಗುಳಿಗೆಯನ್ನು ನಾಲಿಗೆಯಡಿ ಇಟ್ಟುಕೊಂಡೆ. ಮೂವತ್ತು ವರ್ಷದಲ್ಲಿ ನಾನು ಆ ಮನುಷ್ಯನನ್ನು ಮುಟ್ಟಿದ್ದು ಅದೇ ಮೊದಲು. ಪಾನಕ ಅವರ ಪಂಚೆಯ ಮೇಲೆ ಚೆಲ್ಲಿತು.

“ಏಯ್! ಅದು ನನ್ನದು! ಅದು ಹಾರ್ಟ್ ಇದ್ದವರಿಗೆ ಮಾತ್ರ!”

ಜಗಲಿಯಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಕಣ್ಣು ಮುಚ್ಚಿಕೊಂಡೆ. ಮೂರ್ನಾಲ್ಕು ನಿಮಿಷ ಆಗಿರಬಹುದು. ಬೆನ್ನಿನ ಮುಷ್ಟಿ ಬೆರಳು ಬೆರಳಾಗಿ ಬಿಚ್ಚಿಕೊಂಡಿತು. ದವಡೆ ಹಗುರವಾಯಿತು. ಅದರ ಬದಲಿಗೆ ತಲೆ ಢಣಢಣ ಸಿಡಿಯತೊಡಗಿತು, ಮುಖ ಬಿಸಿಯಾಯಿತು. ಆ ಮನೆಯ ಹೆಂಗಸರು ಚಾಪೆ ಹಾಸಿ ಮಲಗಿಸಿದರು. ಮಲಗಿಕೊಂಡೇ ನಾನು ಯೋಚಿಸಿದೆ: ಜೀರಿಗೆಗೆ ಜಗ್ಗದ್ದು, ಓಮಕ್ಕೆ ಜಗ್ಗದ್ದು, ಮನಸ್ಸಿನ ಗುಳಿಗೆಗೆ ಜಗ್ಗದ್ದು, ರಕ್ತನಾಳ ಹಿಗ್ಗಿಸುವ ಗುಳಿಗೆಗೆ ಜಗ್ಗಿತಲ್ಲ. ಹಾಗಾದರೆ ಎಲ್ಲೋ ಒಂದು ನಾಳ ಹಿಗ್ಗಬೇಕಾಗಿತ್ತು.

ಈ ವಿಷಯವನ್ನು ಬರುವಾಗ ಕಾರಿನಲ್ಲಿ ಹೇಳಿದೆ. ಭಾವ ಇಡೀ ದಾರಿ ಡಬ್ಬಿ ತೆಗೆದು ಉಳಿದ ಗುಳಿಗೆಗಳನ್ನು ಎಣಿಸುತ್ತಿದ್ದರು. ಗಂಡ, “ಗುಳಿಗೆ ಬಾಯಲ್ಲಿಟ್ಟರೆ ಮನಸ್ಸಿಗೆ ಧೈರ್ಯ ಬರುತ್ತದೆ, ಅಷ್ಟೇ” ಎಂದರು.

ಆ ವಾರವೇ ನಾನು ರಜೆ ಹಾಕಿ, ಯಾರಿಗೂ ಹೇಳದೆ, ಯಲ್ಲಾಪುರದ ಮೇಲಿಂದ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದೆ. ಅಲ್ಲಿ ನಾನು ಹುಡುಕಿಕೊಂಡ ಡಾಕ್ಟರು ಹೆಂಗಸು, ಮೂವತ್ತೈದು ದಾಟಿರಲಿಕ್ಕಿಲ್ಲ. ಪಕ್ಕದ ಕುರ್ಚಿ ಖಾಲಿ ಇದ್ದದ್ದರಿಂದ ಅವರು ನನ್ನನ್ನೇ ಕೇಳಬೇಕಾಯಿತೆಂದು ಹೇಳಿದರೆ ಅನ್ಯಾಯ. ಯಾರು ಕೂತಿದ್ದರೂ ಅವರು ನನ್ನನ್ನೇ ಕೇಳುತ್ತಿದ್ದರು. ರಾಮನಗುಳಿಯ ಕತೆ ಹೇಳಿದಾಗ ಮೊದಲು ಬೈದರು, ಆಮೇಲೆ ನಕ್ಕರು. ಹಳೆಯ ವರದಿ ನೋಡಿ, “ದೊಡ್ಡ ನಾಳ ನೋಡಿ ಕಳಿಸಿದ್ದಾರೆ. ಸಣ್ಣವನ್ನು ಯಾರೂ ನೋಡಿಲ್ಲ” ಎಂದರು.

ಮತ್ತೊಮ್ಮೆ ನಳಿಕೆ ಬಿಟ್ಟರು. ಈ ಸಲ ನಾಳದೊಳಕ್ಕೆ ಒಂದು ಔಷಧಿ ಹಾಯಿಸಿದರು. ಒಳಪದರ ಆರೋಗ್ಯವಾಗಿದ್ದರೆ ಅದಕ್ಕೆ ನಾಳ ಹಿಗ್ಗಬೇಕು. ನನ್ನದು ಕುಗ್ಗಿತು. ಮೇಜಿನ ಮೇಲೆ ಮಲಗಿದ್ದಾಗಲೇ ಬೆನ್ನಿನ ಅಂಗೈ ಬಂತು, ದವಡೆ ಎಳೆಯಿತು. “ಬಂತು! ಇದೇ!” ಎಂದು ಕೂಗಿದೆ. ನೋವು ಬಂದದ್ದಕ್ಕೆ ಅಷ್ಟು ಖುಷಿಪಟ್ಟವಳು ಆ ಕೋಣೆಯಲ್ಲಿ ನಾನೊಬ್ಬಳೇ ಇರಬೇಕು.

ಆಮೇಲೆ ಅವರು ಕಾಗದದ ಮೇಲೆ ಒಂದು ನಾಳ ಬರೆದು ತೋರಿಸಿದರು. ರಕ್ತನಾಳದ ಒಳಗೋಡೆಯ ಮೇಲೆ ಒಂದೇ ಒಂದು ಸಾಲು ಜೀವಕೋಶ ಇರುತ್ತದೆ. ಅದು ಬರೀ ಗೋಡೆಗೆ ಬಳಿದ ಗಿಲಾವು ಅಲ್ಲ. ರಕ್ತ ಜೋರಾಗಿ ಹರಿಯಬೇಕಾದಾಗ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಾನೇ ತಯಾರಿಸಿ ಹೊರಗಿನ ಸ್ನಾಯುವಿಗೆ ಕೊಡುತ್ತದೆ. ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ. ಹೆಂಗಸರಲ್ಲಿ ಈಸ್ಟ್ರೋಜನ್ ಇರುವಷ್ಟು ಕಾಲ ಈ ತಯಾರಿಕೆಗೆ ಅದರ ಒತ್ತಾಸೆ ಇರುತ್ತದೆ. ಅದಕ್ಕೇ ಆ ವಯಸ್ಸಿನಲ್ಲಿ ನಮ್ಮ ನಾಳಗಳು ಗಂಡಸರದ್ದಕ್ಕಿಂತ ಚುರುಕು. ಮುಟ್ಟು ನಿಂತ ಮೇಲೆ ಆ ಒತ್ತಾಸೆ ಹೋಗುತ್ತದೆ. ಕೆಲವರಲ್ಲಿ, ದೊಡ್ಡ ನಾಳದಲ್ಲಿ ಏನೂ ಕಾಣದೆ, ಹೃದಯದ ಮಾಂಸದೊಳಗಿನ ಕೂದಲಿನಷ್ಟು ಸಣ್ಣ ನಾಳಗಳು ಬಿಗಿದುಕೊಳ್ಳುತ್ತವೆ. ಭಾವನ ಡಬ್ಬಿಯ ಗುಳಿಗೆ ಮಾಡಿದ್ದು ಅದೇ ಅನಿಲವನ್ನು ಹೊರಗಿನಿಂದ ಕೊಟ್ಟದ್ದು.

“ನಿಮ್ಮ ಮನೆಯವರು ಗ್ಯಾಸ್ ಅಂದ್ರಂತಲ್ಲ” ಎಂದರು ಡಾಕ್ಟರು. “ಅರ್ಧ ಸರಿ ಇದೆ ನೋಡ್ರಿ. ಗ್ಯಾಸ್ ಕಡಿಮಿ ಆಗೇದ.”

“ಗಂಡಸರಿಗೆ ಹೀಗೆ ಆಗುವುದಿಲ್ಲವಾ?”

“ಆಗ್ತದ. ಹೆಂಗಸರಿಗೂ ದೊಡ್ಡ ಬ್ಲಾಕ್ ಆಗ್ತಾವ. ಆದ್ರ ನಾವು ಓದಿದ ನೋವು ಎಲ್ಲಾ ಗಂಡಸರದ್ದ. ನಿಮ್ಮದು ಪುಸ್ತಕದಾಗ ಇರ್ಲಿಲ್ಲ, ಅದಕ್ಕ ಇಲ್ಲ ಅಂದಬಿಟ್ರು.”

ನಾನು ಅಂದುಕೊಂಡೆ: ಇಷ್ಟು ವರ್ಷ ಬೋರ್ಡಿನ ಮೇಲೆ ಮನುಷ್ಯನ ಶರೀರವೆಂದು ನಾನು ಬರೆದದ್ದು ಯಾವಾಗಲೂ ಗಂಡಸಿನ ಶರೀರ. ಹೆಂಗಸಿನ ಚಿತ್ರ ಬರೆದದ್ದು ಒಂದೇ ಪಾಠಕ್ಕೆ, ಸಂತಾನೋತ್ಪತ್ತಿಗೆ. ಅದನ್ನೂ ಬೇಗಬೇಗ ಒರೆಸಿದ್ದೇನೆ.

ಔಷಧಿ ಶುರುವಾಯಿತು, ನಡಿಗೆ ಶುರುವಾಯಿತು. ಒಂದು ತಿಂಗಳಲ್ಲಿ ಮಹಡಿ ಹತ್ತುವುದು ಮಾಮೂಲಾಯಿತು. ವರದಿಯನ್ನು ಗಂಡನ ಮುಂದೆ ಇಟ್ಟೆ. ಮೂರು ಸಲ ಓದಿ, “ಅಂದರೆ ಬ್ಲಾಕ್ ಇಲ್ಲ ಅಂತಲೇ ಆಯಿತಲ್ಲ” ಎಂದರು. ಭಾವ ವರದಿ ಓದುವ ಗೋಜಿಗೂ ಹೋಗಲಿಲ್ಲ. “ಸ್ಟೆಂಟ್ ಹಾಕಿದ್ರಾ? ಇಲ್ವಲ್ಲ? ಮತ್ತೆ ಎಂತ ಹಾರ್ಟು ಅದು!” ಎಂದರು. ಅವರಿಗೆ ವಿವರಿಸಲು ನಾನು ಪ್ರಯತ್ನ ಮಾಡಲಿಲ್ಲ. ಅವರ ತಲೆಗೆ ಹೋಗುವ ನಾಳಗಳ ಬಗ್ಗೆ ನನಗೆ ನನ್ನದೇ ಅನುಮಾನಗಳಿವೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಮೀನಿನವಳು ಗೇಟಿನ ತನಕವೂ ಬರಲಿಲ್ಲ. ಓಣಿಯ ಏರಿನ ನಡುವೆ, ಬುಟ್ಟಿ ಪಕ್ಕದಲ್ಲಿಟ್ಟು ಕೂತಿದ್ದಳು. ತುಟಿ ಬೂದಿಯಾಗಿತ್ತು. ಕಾಲು ಊದಿಕೊಂಡು ಬೆಳ್ಳಿಯ ಕಾಲುಂಗುರ ಮಾಂಸದಲ್ಲಿ ಹೂತಿತ್ತು. “ಗುಳಿಗಿ ಖಾಲಿ ಆಯ್ತು ಅಕ್ಕೋರೆ, ಮತ್ತೊಂದು ಪಟ್ಟಿ ಇದ್ರೆ ಕೊಡ್ರಾ” ಎಂದಳು.

ಆಗ ನನಗೆ ಆದದ್ದನ್ನು ಏನೆಂದು ಬರೆಯಲಿ? ಎಲ್ಲ ಒಟ್ಟಿಗೆ ಕಿವಿಯಲ್ಲಿ ಕೇಳಿದ ಹಾಗಾಯಿತು: ಕಲ್ಲು ಇಟ್ಟ ಹಾಗೆ, ಕೈ ಸೋತ ಹಾಗೆ, ವಾಂತಿ ಬಂದ ಹಾಗೆ. ರಿಕ್ಷಾ ಕರೆದು, ಬುಟ್ಟಿ ನಮ್ಮ ಜಗಲಿಯಲ್ಲಿ ಬಿಟ್ಟು, ಅವಳನ್ನು ಕಾರವಾರಕ್ಕೆ ಕರೆದುಕೊಂಡು ಹೋದೆ. ಹತ್ತಿರದಲ್ಲಿ ಇದ್ದವರು ಆ ಡಾಕ್ಟರೇ. ಅವರ ಮುಂದೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಸಣ್ಣ ನಾಳ, ಒಳಪದರ, ನೈಟ್ರಿಕ್ ಆಕ್ಸೈಡ್, ಎಲ್ಲವನ್ನೂ ಮುಖದ ಮೇಲೆ ಎಸೆಯುವವಳಿದ್ದೆ.

ಇಸಿಜಿ ಬಂತು. ಡಾಕ್ಟರು ಅದನ್ನು ನೋಡಿ ಮುಖ ಬಿಗಿದುಕೊಂಡರು. ಎದೆಗೆ ಸ್ಕ್ಯಾನ್ ಹಚ್ಚಿ ನೋಡಿದರು. ಪಕ್ಕದಲ್ಲಿ ಗಂಡಸು ಇರಲಿಲ್ಲವಾದ್ದರಿಂದ ಅವಳನ್ನೇ ಕೇಳಿದರು.

“ಇದು ಈಗಿನದ್ದಲ್ಲ. ಎರಡು ಮೂರು ತಿಂಗಳ ಹಿಂದೆ ನಿಮಗೆ ಅಟ್ಯಾಕ್ ಆಗಿ ಹೋಗಿದೆ. ಹೃದಯದ ಒಂದು ಭಾಗ ಸತ್ತಿದೆ. ಆಗ ಯಾರಿಗೂ ತೋರಿಸಲಿಲ್ಲವಾ?”

“ತೋರ್ಸಿದ್ನಲ್ರಾ. ಇದೇ ಅಕ್ಕೋರಿಗೆ ಹೇಳ್ದೆ. ಗ್ಯಾಸು ಹೇಳಿ ಗುಳಿಗಿ ಕೊಟ್ರು.”

ಅವಳ ದನಿಯಲ್ಲಿ ದೂರು ಇರಲಿಲ್ಲ. ನನ್ನನ್ನು ಹೊಗಳುತ್ತಿದ್ದಳು. ಡಾಕ್ಟರು ತಲೆಯೆತ್ತಿ, ಆ ಕೋಣೆಯಲ್ಲಿ ಮೊದಲ ಸಲ, ನನ್ನನ್ನು ನೇರವಾಗಿ ನೋಡಿದರು.

“ನೀವು ಸೈನ್ಸ್ ಟೀಚರ್ ಅಲ್ವಾ?” ಎಂದರು. ಅಷ್ಟೇ ಕೇಳಿದರು. ನಾನು ಜೋಡಿಸಿಕೊಂಡು ಹೋದ ಮಾತುಗಳ ಬದಲು ಕೊಟ್ಟ ಗುಳಿಗೆಯ ಹೆಸರು ಹೇಳಿದೆ.

ಅವಳದ್ದು ನನ್ನ ಹಾಗೆ ಸಣ್ಣ ನಾಳದ ಕತೆಯಲ್ಲ. ಭಾವನದ್ದೇ ಕಾಯಿಲೆ, ದೊಡ್ಡ ನಾಳದ್ದು. ಆದರೆ ಅದು ಅವಳಿಗೆ ಎದೆ ಹಿಡಿದುಕೊಳ್ಳುವ ಹಾಗೆ ಬರಲಿಲ್ಲ. ಬಂದಿದ್ದರೂ ಎತ್ತಿಕೊಂಡು ಓಡಲು ಸಾಲಾಗಿ ಉಣ್ಣುತ್ತ ಕೂತ ಗಂಡಸರು ಬೇಕಲ್ಲ. ಸ್ಟೆಂಟ್ ಹಾಕಿದರು. ಸತ್ತ ಭಾಗ ಸತ್ತದ್ದೇ. ತಲೆಯ ಮೇಲೆ ಭಾರ ಹೊರಕೂಡದು ಎಂದರು.

ನಾನು ಅವಳ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿದೆ. ಹೊರಗೆ ಬಲೆ ಒಣಗುತ್ತಿತ್ತು. ಅವಳು ಒಳಗಿನ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ನಾನು ಗ್ಯಾಸ್ ಅಂದದ್ದು ತಪ್ಪು, ಆಗಲೇ ಆಸ್ಪತ್ರೆಗೆ ಕಳಿಸಿದ್ದರೆ ಹೃದಯ ಉಳಿಯುತ್ತಿತ್ತು ಎಂದು ಬಿಡಿಸಿ ಹೇಳಿದೆ. ಅವಳು ನನ್ನನ್ನು ನೋಡಿದಳು. ಹೊಗಳುವ ಕಣ್ಣು ಅದಾಗಿರಲಿಲ್ಲ.

“ಅಷ್ಟು ಓದಿದವ್ರು ನೀವು. ಗೊತ್ತಿಲ್ಲ ಹೇಳಿ ಹೇಳೂಕೆ ಆಗ್ಲಿಲ್ವಾ?” ಎಂದಳು.

ಈಗ ಸೊಸೆ ಬುಟ್ಟಿ ಹೊರುತ್ತಾಳೆ. ಇವಳು ಅಂಕೋಲೆಯ ಮೀನು ಪೇಟೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ವ್ಯಾಪಾರ ಮಾಡುತ್ತಾಳೆ. ನಾನು ಅಲ್ಲಿಗೇ ಹೋಗಿ ಕೊಳ್ಳುತ್ತೇನೆ. ನನಗೆ ಮೊದಲಿನ ಸಲಿಗೆ ಸಿಗುವುದಿಲ್ಲ, ಬಂಗಡೆಯನ್ನೂ ಅವಳು ಆರಿಸಿ ಕೊಡುವುದಿಲ್ಲ. ಕಳೆದ ವಾರ ಹೋದಾಗ ಪಕ್ಕದಲ್ಲಿ ಸೆಟ್ಲಿ, ಅಂದರೆ ಸಿಗಡಿ, ಮಾರುತ್ತಿದ್ದ ಹೆಂಗಸೊಬ್ಬಳು ಹೆಗಲು ತಿಕ್ಕಿಕೊಳ್ಳುತ್ತ ಯಾಕೋ ಸುಸ್ತು, ದವಡೆ ಎಳೆಯುತ್ತದೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಇವಳು ಕೈಯಲ್ಲಿದ್ದ ಮೀನನ್ನು ಹಲಗೆಯ ಮೇಲೆ ಬಡಿದಳು.

“ಇವತ್ತೇ ಆಸ್ಪತ್ರಿಗೆ ಹೋಗು. ಇಸಿಜಿ ತೆಗೀರಿ ಹೇಳಿ ಅಲ್ಲೇ ಕೂತ್ಕೋ, ಏಳ್ಬೇಡ. ಗ್ಯಾಸು ಅಂದವ್ರ ಮಾತು ಕೇಳ್ಬೇಡ.” ಆಮೇಲೆ ಗಲ್ಲವನ್ನು ನನ್ನ ಕಡೆ ತಿರುಗಿಸಿ, “ಅಕ್ಕೋರ ಹತ್ರ ಮಾತ್ರ ಗುಳಿಗಿ ಕೇಳ್ಬೇಡ” ಎಂದಳು.

ಆ ಹೆಂಗಸು ಸೆಟ್ಲಿಯ ಬುಟ್ಟಿಗೆ ಗೋಣಿ ಮುಚ್ಚಿ ಎದ್ದಳು. ನಾನು ಅವಳ ಜೊತೆ ಹೊರಟೆ.